ಸೊಪ್ಪೆಲ್ಲ ಹುಳುವಿಗೆ

ಕಲ್ಯ, ಮಾಗಡಿ ತಾಲ್ಲೂಕು
೧-೧೨-೧೯೮೫, ಭಾನುವಾರ

ಪ್ರೀತಿಯ ಪುಟ್ಟಲಕ್ಷ್ಮಿಗೆ,

ನಿನ್ನ ಮೈ ಹೇಗಿದೆ? ಸೊಂಟದ ನೋವು ಇಳಿಯಿತೇ? ಅತ್ತೆ ದಿನವೂ ಸುಡುಸುಡು ನೀರು ಹುಯ್ಯುತ್ತಿದ್ದಾರೆಂದು ನಿಮ್ಮಣ್ಣ ಬರೆದಿದ್ದರು, ಓದಿ ಸಮಾಧಾನವಾಯಿತು. ಪಾಪುವಿನ ಹೊಕ್ಕಳು ಬಿದ್ದು ಒಣಗಿದೆಯಂತೆ, ಹಾಲು ಕುಡಿಯುವಾಗ ಬಲಗಾಲು ಒದೆಯುತ್ತಾನಂತೆ. ಅದು ನಮ್ಮಪ್ಪನ ಅಭ್ಯಾಸ, ಊಟಕ್ಕೆ ಕುಳಿತರೂ ಒಂದು ಕಾಲು ಆಡಿಸುತ್ತಲೇ ಇರುತ್ತಿದ್ದರು. ಸಾತನೂರಿನ ಕಡೆ ಚಳಿ ಜಾಸ್ತಿ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ನೀನು ದಸರಾಕ್ಕೆ ಹೆರಿಗೆಗೆಂದು ತೌರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ, ಮಣಿಗೆ ತಲೆ ಬಾಚಿ, ಹೊತ್ತಿಗೆ ಸರಿಯಾಗಿ ಉಣ್ಣಲು ಇಡಿ ಎಂದೆಯಲ್ಲ, ಆ ಮಾತು ಈಗ ಹಗಲೂ ಇರುಳೂ ನನ್ನ ಕಿವಿಯಲ್ಲಿದೆ. ತಲೆಯನ್ನು ದಿನಾ ಬಾಚಿದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣಲೂ ಇಟ್ಟಿದ್ದೇವೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಈ ಎರಡು ವಾರದಲ್ಲಿ ಎರಡು ಸಲ ಹಾಗೇ ಬರೆದೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಬಾಣಂತಿಗೆ ಇಂಥದ್ದನ್ನು ಬರೆಯಬಾರದು ಎನ್ನುತ್ತಾಳೆ ಅವ್ವ. ಆದರೆ ನಿನ್ನ ಮಗಳ ವಿಷಯವನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಮಣಿ ಈಗ ಚೆನ್ನಾಗಿದ್ದಾಳೆ. ನಾನು ಬರೆಯುತ್ತಿರುವಾಗ ಇಲ್ಲೇ ಪಕ್ಕದಲ್ಲಿ ಕುಳಿತು ಮಗ್ಗಿ ಬರೆಯುತ್ತಿದ್ದಾಳೆ. ಅಷ್ಟು ತಿಳಿದುಕೊಂಡು, ಪಾಪುವನ್ನು ಅತ್ತೆಯ ತೊಡೆಗೆ ಕೊಟ್ಟು, ಮುಂದಿನದನ್ನು ನಿಧಾನವಾಗಿ ಓದು.

ಹದಿನೆಂಟನೇ ತಾರೀಖು ಸೋಮವಾರ. ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿದ್ದವು. ಆಗಿನ ಅವುಗಳ ಹಸಿವು ನಿನಗೆ ಗೊತ್ತೇ ಇದೆ, ಹಾಸಿದ ಸೊಪ್ಪು ನೋಡನೋಡುತ್ತಲೇ ಬರೀ ನರವಾಗುತ್ತದೆ. ಅವತ್ತು ಸಂಜೆ ಕರೆಂಟು ಇರಲಿಲ್ಲ. ಹುಳುಮನೆಯ ಬಾಗಿಲಿಗೆ ಒಂದು ಲಾಟೀನು ತೂಗುಹಾಕಿ ನಾನೂ ಅವ್ವನೂ ಸೊಪ್ಪು ಕೊಡುತ್ತಿದ್ದೆವು. ಇನ್ನೊಂದು ಕುಕ್ಕೆ ಸೊಪ್ಪು ತಾ ಎಂದು ಮಣಿಗೆ ಕೂಗಿದೆ. ತಂದಳು. ತಂದವಳು ಬಾಗಿಲು ದಾಟಿ ನೆಟ್ಟಗೆ ನಡೆದು ಬಂದು, ಎದುರಿಗಿದ್ದ ತಟ್ಟೆಗಳ ಸ್ಟ್ಯಾಂಡಿಗೆ ಹಾಗೇ ಗುದ್ದಿಕೊಂಡಳು. ಪಕ್ಕಕ್ಕೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಐದು ತಟ್ಟೆ ಒಟ್ಟಿಗೆ ಮಗುಚಿದವು. ನೆಲದ ತುಂಬ ಹುಳು. ಅವಳು ಗಾಬರಿಯಾಗಿ ಹಿಂದಕ್ಕೆ ಹೆಜ್ಜೆ ಇಟ್ಟರೆ ಕಾಲ ಕೆಳಗೂ ಹುಳು. ಪುಟ್ಟಿ, ನಾನು ಹೊಡೆದೆ. ಕಣ್ಣೇನ್ ಬೆನ್ನಲ್ಲಿ ಐತೇನೇ ಎಂದು ಕೇಳಿ ಹೊಡೆದೆ. ಕಾಣ್ನಿಲ್ಲ ಕಣಪ್ಪೋ, ಕಾಣ್ನಿಲ್ಲ, ಎಂದು ಅಳುತ್ತಿದ್ದಳು. ಸುಳ್ಳು ಬೇರೆ ಹೇಳ್ತೀಯಾ ಎಂದು ಇನ್ನೊಂದು ಕೊಟ್ಟೆ. ಅವ್ವ ನನ್ನ ಕೈ ಹಿಡಿದುಕೊಂಡಳು. ಇಲ್ಲದಿದ್ದರೆ ಎಲ್ಲಿಗೆ ನಿಲ್ಲುತ್ತಿತ್ತೋ.

ಮಾರನೆಯ ದಿನ ಮಂಗಳವಾರ ಊಟಕ್ಕೆ ಕುಳಿತಿದ್ದೆವು. ಹೊತ್ತು ಮುಳುಗಿ ಇನ್ನೂ ಬಹಳ ಹೊತ್ತಾಗಿರಲಿಲ್ಲ, ಒಲೆಯ ಬೆಂಕಿಯ ಬೆಳಕಿತ್ತು, ಗೂಡಿನಲ್ಲಿ ಬುಡ್ಡಿಯೂ ಇತ್ತು. ಅವ್ವ ತಟ್ಟೆ ಮುಂದಿಟ್ಟಳು. ಮಣಿ ತಟ್ಟೆಯ ಪಕ್ಕದ ನೆಲವನ್ನು ಸವರುತ್ತಿದ್ದಳು. ಬೆರಳಿಗೆ ತಟ್ಟೆಯ ಅಂಚು ಸಿಕ್ಕ ಮೇಲೆ ಅದನ್ನೇ ಹಿಡಿದು ಮುದ್ದೆಯವರೆಗೆ ಹೋದಳು. ಅವ್ವ ನೋಡಿ, ಏನಾಟ ಆಡ್ತೀಯೇ ಎಂದು ನಕ್ಕಳು. ನನಗೆ ಮಾತ್ರ ಅದು ಆಟದಂತೆ ಕಾಣಲಿಲ್ಲ. ಡಬ್ಬದಿಂದ ಒಂದು ಅಚ್ಚು ಬೆಲ್ಲ ತೆಗೆದು ಅವಳ ಮುಖದ ಮುಂದೆ, ಒಂದು ಗೇಣು ದೂರದಲ್ಲಿ ಹಿಡಿದೆ. ಬೆಲ್ಲ ಕಂಡರೆ ನನ್ನ ಕೈಯನ್ನೇ ಕಚ್ಚುವ ಹುಡುಗಿ. ಅಲುಗಲಿಲ್ಲ. ಕಣ್ಣು ಅರಳಿಸಿಕೊಂಡು ಬೆಲ್ಲವನ್ನು ದಾಟಿ ಗೋಡೆ ನೋಡುತ್ತಾ ಮುದ್ದೆ ನುಂಗುತ್ತಿದ್ದಳು. ಮಣಿ, ನನ್ ಕೈಲಿ ಏನೈತೆ ಹೇಳು ಎಂದೆ. ತಲೆಯನ್ನು ನನ್ನ ದನಿಯ ಕಡೆ ತಿರುಗಿಸಿ, ಎಲ್ಲಿದ್ದೀಯಪ್ಪಾ ಎಂದಳು.

ಅವ್ವನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನಾನು ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಯಾವಾಗಿನಿಂದ ಹೀಗೆ ಎಂದು ಕೇಳಿದರೆ ಗೌರಿ ಹಬ್ಬದಿಂದ ಅಂದಳು. ಹೇಳಬೇಕಲ್ಲವೇ ಎಂದರೆ ಅವಳು ಏನೆಂದಳು ಗೊತ್ತೇ? ಎಲ್ರುಗೂ ಹಂಗೇ ಅಲ್ವಾ, ಸಂಜೆಯಾದ್ರೆ? ನಿಮ್ಗೆ ಅಭ್ಯಾಸ ಆಗೈತೆ, ಅದ್ಕೇ ಎಡವಾಕಿಲ್ಲ ಅಂದ್ಕಂಡಿದ್ದೆ, ಎಂದಳು. ದೊಡ್ಡವರೆಲ್ಲ ಕತ್ತಲಲ್ಲಿ ಕಣ್ಣಿಲ್ಲದೆ ಓಡಾಡುವುದನ್ನು ಕಲಿತಿದ್ದಾರೆ, ತಾನೂ ಕಲಿಯಬೇಕು ಎಂದು ಏಳು ವರ್ಷದ ಕೂಸು ಎರಡು ತಿಂಗಳಿನಿಂದ ಹೆಜ್ಜೆ ಎಣಿಸುತ್ತಿತ್ತು. ಬಾಗಿಲಿಂದ ಒಲೆಗೆ ಒಂಬತ್ತು, ಹಾಸಿಗೆಗೆ ಹನ್ನೊಂದು. ನಾನು ಸ್ಟ್ಯಾಂಡನ್ನು ಭಾನುವಾರ ಜಾಗ ಬದಲಿಸಿದ್ದೆ. ಅದು ಅವಳ ಲೆಕ್ಕದಲ್ಲಿರಲಿಲ್ಲ. ಆಮೇಲೆ, ಯಾರನ್ನೂ ದೂರುವ ದನಿಯಲ್ಲಲ್ಲ, ಸುಮ್ಮನೆ ಹೇಳುವ ಹಾಗೆ ಇನ್ನೊಂದು ಮಾತು ಹೇಳಿದಳು: ನೀನ್ ಹೊಡ್ದಾಗ ಏಟು ಯಾವ್ ಕಡೆಯಿಂದ ಬತ್ತೈತೆ ಅಂತ್ಲೇ ಗೊತ್ತಾಗ್ನಿಲ್ಲ ಕಣಪ್ಪಾ.

ಬುಧವಾರ ಮೊದಲನೇ ಬಸ್ಸಿಗೆ ಮಾಗಡಿಗೆ ಹೊರಟೆವು. ಹುಳುವಿನ ಕಡೆ ನೋಡಿಕೊಳ್ಳಲು ಪಕ್ಕದ ಮನೆಯ ಹೊನ್ನಯ್ಯ ಒಪ್ಪಿದ. ನೀನ್ ಹೋಗ್ಲಾ, ಹುಳ ಸತ್ರೆ ಇನ್ನೊಂದ್ ಬೆಳೆ ಬತ್ತದೆ ಎಂದ. ಅವ್ವ ಅರಿಸಿನದ ಬಟ್ಟೆಯಲ್ಲಿ ಹರಕೆ ಕಟ್ಟಿಯೇ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಮಣಿಯ ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟು ನೋಡಿದರು. ಬಿಳಿಯ ಭಾಗದ ಅಂಚಿನಲ್ಲಿ ಸೋಪಿನ ನೊರೆ ಅಂಟಿದಂಥ ಚುಕ್ಕೆ ತೋರಿಸಿ, ಇದು ಯಾವಾಗ ಬಂತು ಎಂದು ಕೇಳಿದರು. ಅದನ್ನು ನಾನೂ ನೋಡಿದ್ದೆ, ಮುಖ ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಚೌಕದಿಂದ ಒರೆಸಿಯೂ ಇದ್ದೆ. ಮಗು ಏನು ತಿನ್ನುತ್ತದೆ ಎಂದರು. ಮುದ್ದೆ, ಹುರುಳಿ ಸಾರು, ಅನ್ನ, ಒಂದೊಂದು ದಿನ ಬಿಸ್ಕತ್ತು, ಬ್ರೆಡ್ಡು ಎಂದೆ. ಏನೂ ಕಮ್ಮಿ ಮಾಡಿಲ್ಲ ಮೇಡಂ ಎಂದೂ ಸೇರಿಸಿದೆ. ಹಾಲು? ಡೈರಿಗೆ ಹಾಕ್ತೀವಿ. ಹಣ್ಣು? ತಿನ್ನಲ್ಲ. ಸೊಪ್ಪು? ಆಗ ನಾನು ಮಾಡಿದ್ದನ್ನು ಹೇಗೆ ಬರೆಯಲಿ. ಹಲ್ಲು ಬಿಟ್ಟು ನಕ್ಕೆ. ಸೊಪ್ಪಾ ಮೇಡಂ? ಎರಡೆಕರೆ ಸೊಪ್ಪೈತೆ ನಮ್ದು, ರೇಷ್ಮೆ ಬೆಳೆಯೋರು ನಾವು, ಎಂದೆ. ಅವರು ನಗಲಿಲ್ಲ. ಅದು ಹುಳುಗಳಿಗೆ. ಮಗುವಿಗೆ? ಎಂದರು.

ಪುಟ್ಟಿ, ದಿನಕ್ಕೆ ನಾಲ್ಕು ಸಲ, ಇಬ್ಬನಿ ಆರಿದ ಸೊಪ್ಪು, ಧೂಳಿಲ್ಲದ ಸೊಪ್ಪು, ಬಾಡದ ಸೊಪ್ಪು ಎಂದು ಆರಿಸಿ ಆರಿಸಿ ಹುಳುವಿಗೆ ಹಾಕುವ ಮನೆಯಲ್ಲಿ ಒಂದೆಲೆ ಮಗಳ ತಟ್ಟೆಗೆ ಬಿದ್ದು ಎಷ್ಟು ದಿನವಾಯಿತೆಂದು ಯೋಚಿಸಿದರೆ ನೆನಪೇ ಆಗಲಿಲ್ಲ. ಹಿತ್ತಲಿನಲ್ಲಿ ನಿನ್ನ ಕೀರೆ ಮಡಿ ಇತ್ತು. ಬೇಲಿಗೆ ಸಿಹಿಗುಂಬಳ ಹಬ್ಬಿತ್ತು. ಬಾವಿಯ ಪಕ್ಕ ಪರಂಗಿ ಗಿಡ, ಮೂಲೆಯಲ್ಲಿ ನುಗ್ಗೆ. ರೇಷ್ಮೆ ಕೈಹಿಡಿದ ಮೇಲೆ, ಎರಡು ವರ್ಷದ ಹಿಂದೆ, ಎಲ್ಲವನ್ನೂ ಕಿತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟವನು ನಾನು. ನುಗ್ಗೆಯ ನೆರಳು ಬೀಳುತ್ತದೆಂದು ಕೊಡಲಿ ಹಾಕಿದವನೂ ನಾನೇ. ಒಂದು ಸಾಲಾದರೂ ಬಿಡಿ ಎಂದು ನೀನು ಗುದ್ದಲಿಗೆ ಅಡ್ಡ ನಿಂತಿದ್ದೆ. ಕಾಸಿದ್ರೆ ಸಂತೇಲಿ ಏನ್ ಬೇಕಾದ್ರೂ ಸಿಕ್ತದೆ ಬುಡು ಎಂದಿದ್ದೆ ನಾನು. ಸಂತೆಯಿಂದ ನಾನು ತಂದದ್ದೇನು? ಕಾರಾಸೇವೆ, ಬಣ್ಣದ ಬೋಟಿ, ರೇಡಿಯೋಗೆ ಸೆಲ್ಲು.

ಡಾಕ್ಟರಮ್ಮ ಒಂದು ಚಮಚ ಎಣ್ಣೆಯಂಥ ಔಷಧಿಯನ್ನು ತಾವೇ ಕುಡಿಸಿ, ನಾಳೆ ಇನ್ನೊಂದು ಸಲ ಕರೆತನ್ನಿ ಎಂದರು. ಇನ್ನು ಸ್ವಲ್ಪ ತಡಮಾಡಿದ್ದರೆ ಕಪ್ಪುಗುಡ್ಡೆಯೇ ಒಣಗಿ ಹುಣ್ಣಾಗುತ್ತಿತ್ತು, ಹಗಲಿನ ಕಣ್ಣೂ ಹೋಗುತ್ತಿತ್ತು, ಆಮೇಲೆ ಯಾವ ಔಷಧಿಯೂ ಕೆಲಸಕ್ಕೆ ಬರುವುದಿಲ್ಲ ಎಂದರು. ಈಗ ಕೊಟ್ಟಿರುವುದು ಕೆಲವು ತಿಂಗಳಿಗೆ ಮಾತ್ರ, ಮುಂದಕ್ಕೆ ಅವಳ ಕಣ್ಣನ್ನು ಕಾಯುವುದು ಅವಳ ತಟ್ಟೆ ಎಂದರು. ಅವ್ವ ಅಲ್ಲೇ ಬೆಂಚಿನ ಮೇಲೆ ಸೆರಗು ಮುಚ್ಚಿಕೊಂಡು ಅತ್ತಳು.

ತಿನ್ನಿಸುವುದೇನು ಮಹಾ ಎಂದುಕೊಂಡಿದ್ದೆ. ಗುರುವಾರ ಎರಡನೇ ಔಷಧಿ ಕುಡಿಸಿಕೊಂಡು ಬರುವಾಗ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಪರಂಗಿ ಹಣ್ಣು, ಕ್ಯಾರೆಟ್ಟು ಕೊಂಡು ತಂದೆ, ಹೊನ್ನಯ್ಯನ ಮರದಿಂದ ನುಗ್ಗೆಸೊಪ್ಪು ಮುರಿದೆ. ಅವ್ವ ಬೇಯಿಸಿ ಬಡಿಸಿದಳು. ಮಣಿ ತಟ್ಟೆಯನ್ನು ದೂಡಿಬಿಟ್ಟಳು. ಸೊಪ್ಪು ಹುಳಕ್ಕೆ ಕಣಪ್ಪಾ, ನಾನೇನ್ ಹುಳನಾ? ಎಂದಳು. ಅವಳಿಗೆ ಬುದ್ಧಿ ಬಂದಾಗಿನಿಂದ ಸೊಪ್ಪು ಎಂದರೆ ಅದೇ ತಾನೇ? ಮೊದಲು ಮುದ್ದಿಸಿದೆ, ಬೆಲ್ಲ ಕೊಡುತ್ತೇನೆ ಎಂದೆ, ಆಮೇಲೆ ಗದರಿಸಿದೆ. ಕೊನೆಗೆ ಕಪ್ಪುಗುಡ್ಡೆಯ ಮಾತು ನೆನಪಾಗಿ ಭಯಕ್ಕೆ ಹುಚ್ಚು ಹಿಡಿದಂತಾಗಿ, ಅವಳನ್ನು ಕಾಲ ಸಂದಿಯಲ್ಲಿ ಹಿಡಿದು, ಮೂಗು ಒತ್ತಿ, ಬಾಯಿಗೆ ಸೊಪ್ಪು ತುರುಕಿದೆ. ಬೆರಳು ಕಚ್ಚಿ ರಕ್ತ ಬರಿಸಿದಳು. ತಿಂದದ್ದನ್ನೆಲ್ಲ ನನ್ನ ಅಂಗಿಯ ಮೇಲೆ ಕಕ್ಕಿದಳು.

ಆ ಹೊತ್ತಿಗೆ ಸರಿಯಾಗಿ ಬದ್ರುನ್ನೀಸಾ ಸಿಸ್ಟರು ಬಾಗಿಲಿಗೆ ಬಂದರು. ಊರಿನ ಮಕ್ಕಳಿಗೆ ಸೂಜಿ ಹಾಕಲು ಬರುತ್ತಾರಲ್ಲ, ಅವರೇ. ಡಾಕ್ಟರಮ್ಮ ಹೇಳಿಕಳಿಸಿದ್ದರಂತೆ. ನನ್ನ ಅವತಾರ ನೋಡಿ ಕೊಡೆಯನ್ನು ಬಾಗಿಲಲ್ಲೇ ಎಸೆದು ಒಳಗೆ ಬಂದರು. ಯಾ ಅಲ್ಲಾ, ಬುಡಣ್ಣ ಮಗೀನ, ಬುಡು! ಹಿಂಗ್ ತಿನ್ಸಿದ್ರೆ ಜೀವ ಇರೋಗಂಟ ಅವ್ಳು ಸೊಪ್ಪು ಮುಟ್ಟಾಕಿಲ್ಲ, ಎಂದರು. ಮಗುವಿನ ಬಾಯಿ ತೊಳೆದು, ತಾವು ಪರಂಗಿ ಹಣ್ಣು ಸೀಳಿ, ಮಣಿಯ ಕಡೆ ತಿರುಗಿಯೂ ನೋಡದೆ ತಿನ್ನತೊಡಗಿದರು. ಒಂದು ಹೋಳು ನನ್ನ ಕೈಗೂ ಕೊಟ್ಟರು. ನನಗೆ ಪರಂಗಿ ವಾಸನೆ ಆಗುವುದಿಲ್ಲವೆಂದು ನಿನಗೆ ಗೊತ್ತು. ಬ್ಯಾಡ ಸಿಸ್ಟರ್, ನಾನ್ ತಿನ್ನಲ್ಲ ಎಂದೆ. ಅವರು ಜೋರಾಗಿ ನಕ್ಕರು. ಅಪ್ಪ ತಿನ್ನಲ್ಲ, ಮಗ್ಳು ಮಾತ್ರ ತಿನ್ಬೇಕಾ? ಇದ್ಯಾವ್ ನ್ಯಾಯ? ಎಂದರು. ಮಣಿ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ನನ್ನ ಮುಖ ಹೇಗಾಯಿತೋ ಏನೋ, ಎರಡು ದಿನದಿಂದ ನಗುವೇ ಇಲ್ಲದಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅಪ್ಪಂಗೂ ವಾಕರಿಕೆ ಬತ್ತದೆ, ಎಂದು ಅವ್ವನಿಗೆ ಹೇಳಿದಳು. ಸಿಸ್ಟರು ಹೊರಡುವಾಗ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: ದಿನಾ ತಟ್ಟೇಲಿ ಇಡಿ, ಒಸಿ ಇಡಿ. ತಿನ್ನು ಅನ್ಬ್ಯಾಡಿ. ನೀವು ತಿನ್ನಿ. ಇವತ್ತು ಮೂಸ್ತಾಳೆ, ನಾಳೆ ನೆಕ್ತಾಳೆ, ಹತ್ತು ದಿನಕ್ಕೆ ಒಂದ್ ತುತ್ತು ನುಂಗುದ್ರೂ ಗೆದ್ದಂಗೇಯ.

ಅದನ್ನು ಕೇಳಿಸಿಕೊಂಡ ಅವ್ವ ಮಾರನೆಯ ಬೆಳಿಗ್ಗೆ ಒಂದು ಕೆಲಸ ಮಾಡಿದಳು. ಮಣಿಯ ಮುಂದೆ ಮಣೆಯನ್ನೂ ಚಿಕ್ಕ ಕುಡುಗೋಲನ್ನೂ ಇಟ್ಟು, ನುಗ್ಗೆಸೊಪ್ಪು ಹಾಕಿ, ಮರಿ ಹುಳಕ್ಕೆ ಹೆಚ್ಚೋ ಹಂಗೆ ಸಣ್ಣುಕೆ ಹೆಚ್ಚು ಮಗ, ಇವತ್ತಿಂದ ನಮ್ಗೆಲ್ಲ ಊಟ ನೀನೇ ಹಾಕ್ಬೇಕು ಎಂದಳು. ಹೆಚ್ಚುವುದರಲ್ಲಿ ನಿನ್ನ ಮಗಳು ಎತ್ತಿದ ಕೈ, ನಿನ್ನನ್ನೇ ನೋಡಿ ಕಲಿತದ್ದಲ್ಲವೇ. ಹಿಟ್ಟಿಗೆ ಕಲೆಸಿ ಅವ್ವ ರೊಟ್ಟಿ ತಟ್ಟಿದಳು. ಮಣಿ ಅವ್ವನಿಗೆ ಒಂದು ತುತ್ತು, ನನಗೊಂದು ತುತ್ತು ತಿನ್ನಿಸಿದಳು. ನಾನು ಬಾಯಿ ಆಡಿಸುವುದನ್ನೇ ನೋಡುತ್ತಾ, ಮೇಯ್ತೈತೆ ಮೇಯ್ತೈತೆ ಎಂದು ಚಪ್ಪಾಳೆ ಹೊಡೆದಳು. ತಾನು ತಿನ್ನಲಿಲ್ಲ. ನಾವೂ ಕೇಳಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಶನಿವಾರ ಬೆರಳಿಗೆ ಅಂಟಿದ್ದನ್ನು ನೆಕ್ಕಿದಳು. ಭಾನುವಾರ ರೊಟ್ಟಿಯ ಅಂಚು ಮುರಿದು, ನಾವು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಹಾಕಿಕೊಂಡಳು. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ನನಗೆ ಮೊಣಕೈಯಿಂದ ತಿವಿದಳು.

ಅದೇ ಭಾನುವಾರ ಸಂಜೆ. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆ. ಕರೆಂಟು ಇರಲಿಲ್ಲ, ಆಗಲೇ ಮಬ್ಬಾಗಿತ್ತು. ಮಣಿ ಹೊಸಿಲ ಮೇಲೆ ಕುಳಿತಿದ್ದಳು. ಅಪ್ಪಾ, ಹಸ ಯಾಕೆ ಒಂದೇ ಕಿವಿ ಅಲ್ಲಾಡುಸ್ತೈತೆ? ಎಂದಳು. ತಿರುಗಿ ನೋಡಿದೆ. ಅಂಗಳದ ಆಚೆ, ಕೊಟ್ಟಿಗೆಯೊಳಗೆ ನಮ್ಮ ಕೆಂದ ಹಸು ನಿಂತಿತ್ತು. ನಿಜವಾಗಿ ಒಂದೇ ಕಿವಿ ಆಡಿಸುತ್ತಿತ್ತು. ನನಗೇ ಅದು ಸರಿಯಾಗಿ ಕಾಣಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಬೇಕಾಯಿತು. ಕೈಯಲ್ಲಿದ್ದ ಹುಳುಗಳನ್ನು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನನ್ನನ್ನು ನೋಡು ಎಂದೆ. ನೋಡಿದಳು, ಪುಟ್ಟಿ, ಗೋಡೆಯನ್ನಲ್ಲ, ನನ್ನನ್ನು. ಯಾಕಪ್ಪಾ ಅಳ್ತೀಯ ಎಂದು ಕೇಳಿದಳು. ತಪ್ಪಾಯ್ತು ಕಣವ್ವ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಮೂಗು ಒರೆಸಿ ಆಟಕ್ಕೆ ಓಡಿದಳು.

ಈಗಲೂ ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡ. ಸಿಹಿಗುಂಬಳ ಕಂಡರೆ ಇನ್ನೂ ಎದ್ದು ಓಡುತ್ತಾಳೆ. ಕ್ಯಾರೆಟ್ಟನ್ನು ಅಗಿದು ರಸ ನುಂಗಿ ಉಳಿದದ್ದನ್ನು ಹಸುವಿಗೆ ಹಾಕುತ್ತಾಳೆ. ಪರಂಗಿಗೆ ಬೆಲ್ಲ ಬೇಕೇ ಬೇಕು. ನುಗ್ಗೆಯ ರೊಟ್ಟಿ ಮಾತ್ರ ತನ್ನದೇ ಅಡಿಗೆ ಎಂಬ ಜಂಬಕ್ಕೆ ತಿನ್ನುತ್ತಾಳೆ, ಶಾಲೆಗೂ ಒಯ್ಯುತ್ತಾಳೆ. ಹಾಲು ಬೆಳಗಿನ ಹೊತ್ತು ಡೈರಿಗೆ ಹಾಕುವುದನ್ನು ನಿಲ್ಲಿಸಿದ್ದೇನೆ. ಮೊನ್ನೆ ಶುಕ್ರವಾರ ಗೂಡು ಮಾರಲು ರಾಮನಗರಕ್ಕೆ ಹೋದವನು ಬರುವಾಗ ಬಿಸ್ಕತ್ತಿನ ಅಂಗಡಿಗೆ ಹೋಗದೆ ಬಿತ್ತನೆ ಬೀಜದ ಅಂಗಡಿಗೆ ಹೋದೆ. ಬಾವಿಯ ಪಕ್ಕದ ಎರಡು ಸಾಲು ಕಡ್ಡಿ ಕೀಳಲು ಗುದ್ದಲಿ ಎತ್ತಿದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಗಳಿಗೆ ಕೈ ತಡೆಯಿತು. ಅವ್ವ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡು ತಾನೇ ಮೊದಲನೇ ಏಟು ಹಾಕಿದಳು.

ಅತ್ತೆಗೂ ನಿಮ್ಮಣ್ಣನಿಗೂ ನನ್ನ ನಮಸ್ಕಾರ ಹೇಳು. ಪಾಪುವಿನ ಒದೆಯುವ ಕಾಲಿಗೆ ಅವನ ಅಕ್ಕ ಒಂದು ಮುತ್ತು ಕಳಿಸಿದ್ದಾಳೆ, ಅವ್ವ ನಿನಗೆ ಆಶೀರ್ವಾದ ಕಳಿಸಿದ್ದಾಳೆ. ನಿನ್ನ ಮಗಳನ್ನು ಹೊಡೆದ ಈ ಕೈಯನ್ನು ನೀನು ಏನು ಬೇಕಾದರೂ ಮಾಡು.

ನಿನ್ನವ,
ಗಂಗಹನುಮಯ್ಯ

ಮ.ಸೂ.: ಕಾಗದ ಮಡಿಚುವಾಗ ಡಾಕ್ಟರಮ್ಮ ಕಡೆಯಲ್ಲಿ ಕೇಳಿದ್ದು ನೆನಪಾಗಿ ಮತ್ತೆ ಬಿಚ್ಚಿದೆ. ಮಗುವಿನ ತಾಯಿ ಎಲ್ಲಿ, ಆಕೆಗೆ ಸಂಜೆ ಹೊತ್ತು ಕಣ್ಣು ಹೇಗೆ ಎಂದು ಕೇಳಿದ್ದರು. ಚೆನ್ನಾಗೈತೆ ಎಂದೆ. ನೀವು ಕೇಳಿದ್ದೀರಾ ಎಂದರು. ಕೇಳಿರಲಿಲ್ಲ. ಈಗ ಅವ್ವನನ್ನು ಕೇಳಿದೆ. ಅವಳು, ಏಳ್ ತಿಂಗ್ಳು ತುಂಬ್ದಾಗ್ಲಿಂದ್ಲೂ ಹೊತ್ತು ಮುಳುಗುದ್ ಮೇಲೆ ಅವ್ಳು ಗೋಡೆ ತಡವ್ಕಂಡೇ ಓಡಾಡ್ತಿದ್ಲು ಕಣ್ಲಾ, ಬಸ್ರೀಲಿ ಹಂಗಾಯ್ತದೆ ಅಂದ್ಕಂಡೆ, ನಿಮ್ ಮಗಂಗೆ ಹೇಳ್ಬ್ಯಾಡಿ ಅತ್ತೆ, ಹುಳದ್ ಕೆಲ್ಸ ಕೆಡ್ತದೆ ಅಂತ ಬೈತಾರೆ ಅಂತ ಕೈ ಹಿಡ್ಕಂಡ್ಲು, ಎಂದಳು. ಪುಟ್ಟಿ, ಇದನ್ನು ಅಂಚೆಗೆ ಹಾಕಿದರೆ ಮೂರು ದಿನ. ಪಾಪುವನ್ನು ಎತ್ತಿಕೊಂಡು ನೀನು ಮೂರು ಸಂಜೆ ಓಡಾಡಬೇಕು. ಅಂಚೆ ಬೇಡ. ನಾಳೆ ಮೊದಲನೇ ಬಸ್ಸಿಗೆ ಮಣಿಯ ಜೊತೆ ನಾನೇ ತರುತ್ತೇನೆ, ನಿನ್ನನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಬಾಯಿಬಿಟ್ಟು ಹೇಳಲು ನನ್ನಿಂದಾಗುವುದಿಲ್ಲ, ಕಾಗದವನ್ನು ನಿನ್ನ ಕೈಗೆ ಕೊಟ್ಟು ಎದುರಿಗೆ ಕುಳಿತಿರುತ್ತೇನೆ. ಬೆಳಕಿರುವಾಗಲೇ ಓದಿಬಿಡು.